ದಾವೀದನ ಕೀರ್ತನೆಯೂ ಕೋಡಿಯ ಮಠವೂ

(ಬಾನುಲಿ ಭಾಷಣದ ಬರಹರೂಪ)

ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸುತ್ತಲಿನ ಊರುಗಳ ಹೆಸರುಗಳೆಲ್ಲ ಕಿವಿಗೆ ಬೀಳುತ್ತವೆ. ಶಿಕಾರಿಪುರ, ಸೊರಬ, ಆನವಟ್ಟಿ, ಹಿರೇಕೆರೂರು ಎಂದು ಕಂಡಕ್ಟರುಗಳು ಕೂಗುತ್ತಿರುತ್ತಾರೆ. ಆ ಕೂಗಿನ ನಡುವೆ ಬಳ್ಳಿಗಾವಿ, ತಾಳಗುಂದ, ಉಡುತಡಿ ಎಂಬ ಹೆಸರುಗಳೂ ಬಂದುಹೋಗುತ್ತವೆ. ಸಂತೆ ಮುಗಿಸಿ ಗಂಟು ಹೊತ್ತು ನಿಂತ ಜನಕ್ಕೆ ಅವು ತಮ್ಮ ಊರಿನ ಹೆಸರುಗಳು, ಅಷ್ಟೆ. ಕನ್ನಡ ಓದಿದವನಿಗೆ ಮಾತ್ರ ಆ ಮೂರು ಹೆಸರುಗಳು ಕೇಳಿದೊಡನೆ ಮೈ ಜುಮ್ಮೆನ್ನುತ್ತದೆ. ಬಳ್ಳಿಗಾವಿ ಅಲ್ಲಮಪ್ರಭುವಿನ ಊರೆಂದು ಪ್ರತೀತಿ. ಉಡುತಡಿ ಅಕ್ಕಮಹಾದೇವಿಯ ಊರು. ತಾಳಗುಂದ ಕದಂಬರ ಕಥೆಯನ್ನು ಕಾವ್ಯವಾಗಿ ಕೆತ್ತಿಸಿಕೊಂಡ ಕಂಬದ ಊರು. ಕಾವ್ಯ, ಧರ್ಮ, ವಿದ್ಯೆ ಈ ಮೂರೂ ಹೀಗೆ ಒಂದೇ ಸೀಮೆಯಲ್ಲಿ ಹೆಣೆದುಕೊಂಡಿರುವುದು ಅಪರೂಪ. ನಾನು ಇಂದು ಹೇಳಹೊರಟಿರುವ ಮಾತು ಈ ಮೂರರ ಹೆಣಿಗೆಯನ್ನು ಕುರಿತದ್ದೇ.

ಕೆಲವು ವರ್ಷಗಳ ಹಿಂದೆ, ಇದೇ ಸೀಮೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ತರುಣ ಮಿತ್ರರೊಬ್ಬರು ನನ್ನ ಮನೆಗೆ ಬಂದಿದ್ದರು. ಅವರ ಕೈಚೀಲದಲ್ಲಿ ಹಳೆಯ ರಟ್ಟಿನ ಒಂದು ದಪ್ಪ ಪುಸ್ತಕವಿತ್ತು. ತೆಗೆದು ನೋಡಿದರೆ ‘ಸತ್ಯವೇದವು’, ಅಂದರೆ ಕನ್ನಡ ಬೈಬಲು. “ಸಾರ್, ಇದರೊಳಗಿನ ಒಂದೆರಡು ಪದ್ಯಗಳನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಅಕ್ಕನ ವಚನದ ಜೊತೆಯಲ್ಲಿಟ್ಟು ಓದಿಸಬೇಕೆಂದಿದ್ದೇನೆ. ಮುಖ್ಯೋಪಾಧ್ಯಾಯರು ಹಿಂದೆ ಮುಂದೆ ನೋಡುತ್ತಿದ್ದಾರೆ. ಪುಸ್ತಕ ಕಂಡರೆ ಊರಿನವರು ಏನೆಂದುಕೊಳ್ಳುತ್ತಾರೋ ಎಂದು ಅವರಿಗೆ ಭಯ. ತಾವೇನು ಹೇಳುತ್ತೀರಿ?” ಎಂದು ಕೇಳಿದರು.

ನಾನು ಆಗ ಥಟ್ಟನೆ ಉತ್ತರ ಹೇಳಲಿಲ್ಲ. ಹೇಳುವುದು ಸುಲಭವೂ ಆಗಿರಲಿಲ್ಲ. ಮತಗ್ರಂಥದೊಳಗಿನ ಕಾವ್ಯವನ್ನು ಸಾರ್ವಜನಿಕ ಶಾಲೆಯಲ್ಲಿ ಕಲಿಸಬಹುದೇ, ಕಲಿಸಬಹುದಾದರೆ ಹೇಗೆ ಎಂಬ ಈ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದಲ್ಲ. ಅದಕ್ಕೊಂದು ಚರಿತ್ರೆಯೇ ಇದೆ.

ಮೊದಲಿಗೆ ಬೈಬಲಿನ ಕಾವ್ಯವೆಂದರೆ ಏನೆಂಬುದನ್ನು ನೋಡೋಣ. ಹಳೆಯ ಒಡಂಬಡಿಕೆಯ ಮೂರರಲ್ಲಿ ಒಂದು ಪಾಲಿನಷ್ಟು ಭಾಗ ಪದ್ಯವೇ. ಕೀರ್ತನೆಗಳು ನೂರ ಐವತ್ತು. ಅವುಗಳಲ್ಲಿ ಹಲವನ್ನು ಪರಂಪರೆಯು ದಾವೀದ ಅರಸನ ಹೆಸರಿಗೆ ಸೇರಿಸುತ್ತದೆ. ಶತಮಾನಗಳ ಉದ್ದಕ್ಕೂ ಹಲವು ಕೈಗಳು ಸೇರಿ ಆದ ಸಂಗ್ರಹ ಅದು ಎಂದು ವಿದ್ವಾಂಸರು ಹೇಳುತ್ತಾರೆ. ಇವಲ್ಲದೆ ಯೋಬನ ಗ್ರಂಥವಿದೆ, ಜ್ಞಾನೋಕ್ತಿಗಳಿವೆ, ಪ್ರಲಾಪಗಳಿವೆ, ಪರಮಗೀತವಿದೆ. ಇವುಗಳ ಮೂಲವಾದ ಹೀಬ್ರೂ ಪದ್ಯದ ಕಟ್ಟೋಣವೇನೆಂಬುದು ಯುರೋಪಿನ ಓದುಗರಿಗೆ ಬಹುಕಾಲ ಸ್ಪಷ್ಟವಾಗಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದ ರಾಬರ್ಟ್ ಲೌತ್ ತನ್ನ ಉಪನ್ಯಾಸಗಳನ್ನು 1753ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಮೇಲೆ ಅದು ಬೆಳಕಿಗೆ ಬಂತು. ಈ ಪದ್ಯದ ಜೀವ ಪ್ರಾಸದಲ್ಲಿಲ್ಲ, ಸಾಲು ಸಾಲುಗಳ ಜೋಡಿಯಲ್ಲಿದೆ ಎಂದು ಆತ ತೋರಿಸಿದ. ಒಂದು ಸಾಲು ಹೇಳಿದ್ದನ್ನು ಅದರ ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ, ಅಥವಾ ಅದಕ್ಕೆ ಎದುರು ನಿಲ್ಲುತ್ತದೆ, ಅಥವಾ ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ನಾನೇ ಒಂದು ಉದಾಹರಣೆ ಕಟ್ಟಿ ಹೇಳುವುದಾದರೆ, ‘ಕೆರೆ ತುಂಬಿದಾಗ ಕೋಡಿಯನ್ನು ನೆನೆ, ಕಣಜ ತುಂಬಿದಾಗ ಹಸಿದವನನ್ನು ನೆನೆ’ ಎಂಬಂತೆ. ಎರಡನೆಯ ಸಾಲು ಬಂದ ಮೇಲೆ ಮೊದಲನೆಯ ಸಾಲಿನ ಅರ್ಥವೇ ಬದಲಾಗುತ್ತದೆ.

ಈ ಕಟ್ಟೋಣದಿಂದ ಒಂದು ದೊಡ್ಡ ಲಾಭವಾಯಿತು. ಹೀಬ್ರೂ ವರ್ಣಮಾಲೆಯ ಇಪ್ಪತ್ತೆರಡು ಅಕ್ಷರಗಳ ಕ್ರಮದಲ್ಲಿ ಪದ್ಯಗಳನ್ನು ಆರಂಭಿಸುವ ಅಕ್ಷರಮಾಲೆಯ ಚಮತ್ಕಾರ ಪ್ರಲಾಪಗಳಲ್ಲೂ ಕೆಲವು ಕೀರ್ತನೆಗಳಲ್ಲೂ ಇದೆ; ಅದು ಭಾಷಾಂತರದಲ್ಲಿ ಕರಗಿಹೋಗುತ್ತದೆ. ಸಾಲುಗಳ ಜೋಡಿಯ ನಡೆ ಮಾತ್ರ ಯಾವ ಭಾಷೆಗೆ ಹೋದರೂ ಉಳಿದುಕೊಳ್ಳುತ್ತದೆ. ವಚನಗಳನ್ನು ಓದಿ ಬೆಳೆದ ಕನ್ನಡಿಗನಿಗೆ ಇದು ಅಪರಿಚಿತವಲ್ಲ. ವಚನದಲ್ಲೂ ಮಾತ್ರೆ ಗಣಗಳ ಲೆಕ್ಕವಿಲ್ಲ. ಒಂದೇ ಅಚ್ಚಿನ ವಾಕ್ಯಗಳು ಒಂದರ ಪಕ್ಕದಲ್ಲೊಂದು ನಿಂತು, ಕೊನೆಗೆ ಅಂಕಿತದಲ್ಲಿ ಬಂದು ಸೇರುತ್ತವೆ. ಉಡುತಡಿಯ ಹೆಣ್ಣುಮಗಳು ಗಿಳಿ, ಕೋಗಿಲೆ, ದುಂಬಿಗಳನ್ನು ನಿಲ್ಲಿಸಿ ತನ್ನ ನಲ್ಲನನ್ನು ಕಂಡಿರಾ ಎಂದು ವಿಚಾರಿಸುತ್ತಾಳೆ. ಪರಮಗೀತದ ಹೆಣ್ಣು ಇರುಳಿನಲ್ಲಿ ಎದ್ದು ಊರ ಬೀದಿಗಳಲ್ಲಿ ಅಲೆದು ಕಾವಲುಗಾರರನ್ನು ಅದೇ ಮಾತು ಕೇಳುತ್ತಾಳೆ. ಇಬ್ಬರ ನಡುವೆ ಸಾವಿರ ವರ್ಷಕ್ಕೂ ಮೀರಿದ ಅಂತರ, ಒಂದು ಸಮುದ್ರದ ಅಂತರ. ಒಬ್ಬರಿಂದ ಒಬ್ಬರು ಕಲಿತದ್ದೇನೂ ಇಲ್ಲ. ಆದರೂ ಒಬ್ಬಳನ್ನು ಓದಿದವನಿಗೆ ಇನ್ನೊಬ್ಬಳ ದನಿ ಬೇಗ ಗುರುತು ಹತ್ತುತ್ತದೆ.

ಈ ಕಾವ್ಯ ಕನ್ನಡಕ್ಕೆ ಬಂದ ಬಗೆಯನ್ನೂ ಇಲ್ಲಿ ನೆನೆಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಕನ್ನಡ ಕಲಿತು ಭಾಷಾಂತರಕ್ಕೆ ಕೈಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಬೈಬಲು ಪೂರ್ಣವಾಗಿ ಕನ್ನಡದಲ್ಲಿ ದೊರೆಯುವಂತಾಯಿತು. ಅದರ ಗದ್ಯವನ್ನು ‘ಪಾದ್ರಿ ಕನ್ನಡ’ ಎಂದು ನಕ್ಕವರು ಬಹಳ. ನಗುವುದಕ್ಕೆ ಕಾರಣವೂ ಇತ್ತು. ಪದ್ಯವನ್ನು ಪದ್ಯವೆಂದು ಕಾಣಿಸದೆ, ವಾಕ್ಯಕ್ಕೊಂದು ಅಂಕಿ ಹಾಕಿ ಗದ್ಯದಂತೆ ಅಚ್ಚುಹಾಕುತ್ತಿದ್ದುದರಿಂದ ಓದುವವನಿಗೆ ಅದು ಕಾವ್ಯವೆಂಬ ಸುಳಿವೇ ಸಿಕ್ಕುತ್ತಿರಲಿಲ್ಲ. ಆದರೆ ಕನ್ನಡದಲ್ಲಿ ಆ ಗ್ರಂಥಗಳಿಗೆ ಉಳಿದುಬಂದ ಹೆಸರುಗಳನ್ನು ಗಮನಿಸಿ. ಇಸ್ರೇಲಿನ ಹಾಡುಗಳಿಗೆ ‘ಕೀರ್ತನೆ’ ಎಂಬ ಹೆಸರು ನಿಂತಿದೆ. ಪುರಂದರದಾಸರೂ ಕನಕದಾಸರೂ ಹಾಡಿದ್ದಕ್ಕೆ ನಾವು ಕೊಟ್ಟ ಹೆಸರೇ ಅದು. ಹೊರಗಿನ ಕಾವ್ಯವೊಂದು ಈ ನೆಲದ ಹೆಸರು ಹೊತ್ತು ನಿಂತಾಗ, ಅರ್ಧ ಬಾಗಿಲು ಆಗಲೇ ತೆರೆದಂತಾಯಿತು.

ಇನ್ನರ್ಧ ಬಾಗಿಲನ್ನು ತೆರೆಯಲು ಯತ್ನಿಸಿದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್, ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ, 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದರು. ತಾನು ನಂಬದ ದೇವರ ಹಾಡುಗಳನ್ನು ಒಬ್ಬ ಪಾದ್ರಿ ಹುಡುಕಿ, ಓದಿ, ಅಚ್ಚುಹಾಕಿದ. ಅವನ ಉದ್ದೇಶದಲ್ಲಿ ಮತಪ್ರಚಾರ ಇರಲಿಲ್ಲವೆಂದು ನಾನು ಹೇಳಲಾರೆ. ಎದುರಾಳಿಯ ಮನಸ್ಸನ್ನು ಅರಿಯುವ ಆಸೆಯೂ ಅದರಲ್ಲಿತ್ತು. ಆದರೆ ಗ್ರಂಥವನ್ನು ಕೈಗೆತ್ತಿಕೊಂಡು ಅರ್ಥಮಾಡಿಕೊಳ್ಳಲು ಕುಳಿತವನನ್ನು ಗ್ರಂಥ ಸುಮ್ಮನೆ ಬಿಡುವುದಿಲ್ಲ. ಮೋಗ್ಲಿಂಗರ ಬಳಿಕ ಬಂದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿ ಹಾಡಿದರು. ಇಲ್ಲಿಯ ಛಂದಸ್ಸು ಅವರನ್ನು ಹಿಡಿದುಕೊಂಡಿತು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, 1894ರಲ್ಲಿ ಅವರ ಮಹಾನಿಘಂಟು ಬಂತು. ಮತ ಹೇಳಲು ಬಂದವರು ಕನ್ನಡದ ವಿದ್ಯಾರ್ಥಿಯಾಗಿಯೇ ಬಾಳನ್ನು ಸವೆಸಿದರು.

ಆದರೆ ಇದೇ ಕಾಲದಲ್ಲಿ ಸರಕಾರಿ ಶಾಲೆಯ ಬಾಗಿಲಲ್ಲಿ ಬೇರೊಂದು ಜಗಳ ನಡೆದಿತ್ತು. ಮದರಾಸಿನ ಗವರ್ನರ್ ಆಗಿದ್ದ ಟ್ವೀಡೇಲ್ 1846ರಲ್ಲಿ ಸರಕಾರಿ ಶಾಲೆಗಳಲ್ಲಿ ಬೈಬಲನ್ನು ಪಠ್ಯವಾಗಿ ಇಡಬೇಕೆಂದು ಸಲಹೆ ಮಾಡಿದರು. ಮದರಾಸಿನ ಹಿಂದೂಗಳು ಕೆರಳಿದರು. ಕಂಪನಿಯ ನಿರ್ದೇಶಕರು ಮರುವರ್ಷವೇ ಆ ಸಲಹೆಯನ್ನು ತಳ್ಳಿಹಾಕಿದರು. 1854ರ ವುಡ್ ಸಾಹೇಬರ ವಿದ್ಯಾ ಸಂದೇಶವು ಒಂದು ನಡುದಾರಿಯನ್ನು ಹಿಡಿಯಿತು: ಸರಕಾರಿ ಶಾಲೆಯ ಪಾಠದಲ್ಲಿ ಮತಬೋಧೆ ಇರಕೂಡದು, ಪುಸ್ತಕಾಲಯದಲ್ಲಿ ಬೈಬಲು ಇರಬಹುದು, ಓದುವ ಮನಸ್ಸುಳ್ಳವರು ಓದಿಕೊಳ್ಳಲಿ. ಆಳುವವನ ಮತಗ್ರಂಥವನ್ನು ಆಳಿಸಿಕೊಳ್ಳುವವನ ಮಗನಿಗೆ ಪಾಠವೆಂದು ಒಪ್ಪಿಸುವುದು ನ್ಯಾಯವಲ್ಲ. ಆ ಮಟ್ಟಿಗೆ ಈ ತೀರ್ಮಾನ ಸರಿಯೇ. ಅದರ ಫಲವಾಗಿ ಬೈಬಲು ಕಪಾಟು ಸೇರಿತು, ಅದರೊಳಗಿನ ಕಾವ್ಯವೂ ಕಪಾಟು ಸೇರಿತು. ಮಿಷನ್ ಶಾಲೆಯಲ್ಲಿ ಅದು ಉಪದೇಶವಾಯಿತು, ಸರಕಾರಿ ಶಾಲೆಯಲ್ಲಿ ಮೌನವಾಯಿತು. ಕವಿತೆಯಾಗಿ ಓದಿಸಿಕೊಳ್ಳುವ ಅವಕಾಶ ಅದಕ್ಕೆ ಎರಡು ಕಡೆಯೂ ತಪ್ಪಿತು.

ಇಷ್ಟನ್ನು ಯೋಚಿಸುತ್ತ ಒಂದು ಸಂಜೆ ನಾನು ಬಳ್ಳಿಗಾವಿಗೆ ಹೋದೆ. ಶಿರಾಳಕೊಪ್ಪದಿಂದ ನಡೆದು ಹೋಗುವಷ್ಟು ಹತ್ತಿರ. ಊರ ಕೆರೆಯ ಕೋಡಿಯ ಬಳಿ ಕೇದಾರೇಶ್ವರನ ಮೂರು ಗರ್ಭಗುಡಿಗಳ ದೇವಾಲಯ. ಒಂದು ಕಾಲಕ್ಕೆ ಅದಕ್ಕೆ ಸೇರಿದಂತೆ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಸಾಲಾಗಿ ಎಣಿಸುತ್ತದೆ. ಅದು ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲ. ಈ ಶಾಸನವನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಪ್ರಕಟಿಸಿದವರು ಬಿ. ಎಲ್. ರೈಸ್. ಬೆಂಗಳೂರಿನಲ್ಲಿ ಹುಟ್ಟಿದ, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ ಅವರು. ಮೈಸೂರು ಸೀಮೆಯ ವಿದ್ಯಾ ಇಲಾಖೆಯಲ್ಲಿದ್ದಾಗ ಹೋಬಳಿಗೊಂದು ಕನ್ನಡ ಶಾಲೆ ಇರಬೇಕೆಂದು 1868ರಲ್ಲಿ ಯೋಜನೆ ಹಾಕಿದವರೂ ಅವರೇ. ಪಾದ್ರಿಯ ಮಗ ಕಾಳಾಮುಖರ ಮಠದ ಕಲ್ಲನ್ನು ಓದಿ ನಮಗೆ ಕೊಟ್ಟರು.

ಶಾಸನ ಹೇಳುವುದೇನು? ನಾಲ್ಕು ವೇದಗಳ ವಿಷಯಕ್ಕೆ ಬಂದಾಗ ಅದು ಮಠವನ್ನು ‘ಸ್ವಾಧ್ಯಾಯಸ್ಥಾನ’ವೆಂದು ಕರೆಯುತ್ತದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ಬಂದಾಗ ‘ವ್ಯಾಖ್ಯಾನಸ್ಥಾನ’ವೆನ್ನುತ್ತದೆ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳಿಗೂ ಅದೇ ಮಾತು, ವ್ಯಾಖ್ಯಾನಸ್ಥಾನ. ಮುಂದೆ ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ಹೆಸರು ಬರುತ್ತದೆ. ಶಾಕಟಾಯನ ವ್ಯಾಕರಣ ಬರೆದವನು ಜೈನ. ಬೌದ್ಧದರ್ಶನವಂತೂ ಶಿವನನ್ನೂ ಒಪ್ಪದ, ವೇದವನ್ನೂ ಒಪ್ಪದ ಪಂಥ. ಅದರ ವಿಹಾರವೂ ಅದೇ ಬಳ್ಳಿಗಾವಿಯಲ್ಲಿತ್ತು. ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದ್ದು 1065ರಲ್ಲಿ. ತಮ್ಮದಲ್ಲದ ದರ್ಶನವನ್ನು ಶೈವ ಗುರುಗಳು ತಮ್ಮ ಛಾವಣಿಯ ಕೆಳಗೆ ಕೂರಿಸಿಕೊಂಡು ವ್ಯಾಖ್ಯಾನಿಸುತ್ತಿದ್ದರು. ಖಂಡಿಸುವುದಕ್ಕಾಗಿಯೇ ಓದಿರಬಹುದು. ಖಂಡಿಸಬೇಕಾದರೂ ಮೊದಲು ಅರ್ಥಮಾಡಿಕೊಳ್ಳಬೇಕಲ್ಲವೇ?

ಸ್ವಾಧ್ಯಾಯವೆಂದರೆ ತನ್ನದೆಂದು ಒಪ್ಪಿ, ಶ್ರದ್ಧೆಯಿಂದ ಕಂಠಗತ ಮಾಡಿಕೊಳ್ಳುವುದು. ವ್ಯಾಖ್ಯಾನವೆಂದರೆ ಎದುರಿಗಿಟ್ಟುಕೊಂಡು ಬಿಡಿಸಿ ನೋಡುವುದು. ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಲಿನ ಮೇಲೆ ಬಿದ್ದ ಈ ಎರಡು ಮಾತುಗಳನ್ನು ನಾವು ಸರಿಯಾಗಿ ಹಿಡಿದುಕೊಂಡರೆ ನನ್ನ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಮನೆ, ಮಠ, ಮಸೀದಿ, ಇಗರ್ಜಿಗಳು ಸ್ವಾಧ್ಯಾಯದ ಸ್ಥಾನಗಳು. ಸರಕಾರಿ ಶಾಲೆ ವ್ಯಾಖ್ಯಾನದ ಸ್ಥಾನ.

ಆದರೆ ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವುದು ಪ್ರಾಮಾಣಿಕವಾಗುವುದಿಲ್ಲ. ಕೋಡಿಯ ಮಠ ಹಸಿದು ಬಂದ ಯಾರಿಗೂ ಅನ್ನ ಹಾಕುತ್ತಿತ್ತು, ಕುರುಡರಿಗೆ, ಕುಂಟರಿಗೆ, ಜೈನ ಕ್ಷಪಣಕರಿಗೆ ಸಹ. ರೋಗಿಗಳಿಗೆ ಮದ್ದು ಕೊಡುತ್ತಿತ್ತು. ಇದನ್ನೆಲ್ಲ ಶಾಸನವೇ ಹೇಳುತ್ತದೆ. ಅದರ ಪಾಠಶಾಲೆಯ ಬಾಗಿಲು ಅನ್ನಶಾಲೆಯ ಬಾಗಿಲಿನಷ್ಟು ಅಗಲವಾಗಿತ್ತೆಂದು ನಂಬಲು ಆಧಾರವಿಲ್ಲ. ಅಕ್ಕ ವಿದ್ಯೆ ಕಲಿಯಲು ಅಲ್ಲಿಗೆ ಹೋಗಲಿಲ್ಲ. ಪಕ್ಕದ ತಾಳಗುಂದದ ಕಂಬವೂ ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಕುಬ್ಜಕವಿ ಅಲ್ಲಿ ಬರೆದಿರುವಂತೆ, ಮಯೂರಶರ್ಮ ಗುರುವಿನೊಡನೆ ಕಂಚಿಯ ಘಟಿಕೆಗೆ ಓದಲು ಹೋದ. ಪಲ್ಲವರ ಅಶ್ವಾರೋಹಿಯೊಬ್ಬನಿಂದ ಅವಮಾನಗೊಂಡು ದರ್ಭೆ ಬಿಟ್ಟು ಕತ್ತಿ ಹಿಡಿದ. ವಿದ್ಯಾಸ್ಥಾನದಲ್ಲಿ ಆದ ಅವಮಾನ ಒಂದು ರಾಜ್ಯವನ್ನೇ ಹುಟ್ಟಿಸಿತು. ತರಗತಿಯಲ್ಲಿ ಒಂದು ಮಗುವಿನ ಮನೆಯ ನಂಬಿಕೆಗೆ ಆಗುವ ಅವಮಾನವೂ ಅಷ್ಟೇ ದೂರ ಹೋಗಬಲ್ಲದು.

ಸ್ವತಂತ್ರ ಭಾರತದ ಸಂವಿಧಾನ ಈ ಎಚ್ಚರವನ್ನು ವಹಿಸಿದೆ. ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಮತಬೋಧೆ ಕೂಡದೆಂದು ಅದರ 28ನೆಯ ವಿಧಿ ಹೇಳುತ್ತದೆ. ಆದರೆ ಮತಬೋಧೆಯೇ ಬೇರೆ, ಮತಗಳನ್ನು ಕುರಿತ ಅಧ್ಯಯನವೇ ಬೇರೆ ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಗುರುನಾನಕರ ಅಧ್ಯಯನದ ಪ್ರಶ್ನೆ ಬಂದಾಗ 1971ರಲ್ಲಿಯೂ, ಪಠ್ಯಕ್ರಮದ ಪ್ರಶ್ನೆ ಬಂದಾಗ 2002ರಲ್ಲಿಯೂ ಒಪ್ಪಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ಅಲ್ಲಿಯ ಸಾರ್ವಜನಿಕ ಶಾಲೆಗಳಲ್ಲಿ ಪ್ರಾರ್ಥನೆಯಂತೆ ನಡೆಯುತ್ತಿದ್ದ ಬೈಬಲ್ ಪಠನವನ್ನು ನಿಲ್ಲಿಸಿತು. ಅದೇ ತೀರ್ಪಿನಲ್ಲಿ, ಸಾಹಿತ್ಯವೆಂದು, ಚರಿತ್ರೆಯೆಂದು ಅದನ್ನು ಅಭ್ಯಾಸ ಮಾಡಲು ಅಡ್ಡಿಯಿಲ್ಲ ಎಂದೂ ಹೇಳಿತು. ಅಲ್ಲಿಯದು ಬಹುಸಂಖ್ಯಾತರ ಗ್ರಂಥದ ಪ್ರಶ್ನೆ, ಇಲ್ಲಿಯದು ಅಲ್ಪಸಂಖ್ಯಾತರ ಗ್ರಂಥದ ಪ್ರಶ್ನೆ. ಗೆರೆ ಮಾತ್ರ ಎರಡು ಕಡೆಯೂ ಒಂದೇ ಜಾಗದಲ್ಲಿ ಬಿದ್ದಿದೆ.

ಕನ್ನಡದ ಮೇಷ್ಟರುಗಳು ಈ ಗೆರೆಯನ್ನು ಯಾವ ನ್ಯಾಯಾಲಯ ಹೇಳುವ ಮೊದಲೇ ಬಲ್ಲವರು. ಪಂಪನ ಆದಿಪುರಾಣ ಜೈನರ ಮೊದಲನೆಯ ತೀರ್ಥಂಕರನ ಚರಿತ್ರೆ. ಅದರ ನೀಲಾಂಜನೆಯ ನೃತ್ಯವನ್ನು ಪಾಠ ಹೇಳುವಾಗ ಯಾವ ಮೇಷ್ಟರೂ ಮಕ್ಕಳಿಗೆ ಜಿನದೀಕ್ಷೆ ಕೊಟ್ಟದ್ದಿಲ್ಲ. ಫ. ಗು. ಹಳಕಟ್ಟಿಯವರು ಮನೆ ಮನೆಯ ತಾಳೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಕಾಲಕ್ಕೆ ವಚನಗಳು ಬಹುಮಟ್ಟಿಗೆ ಪೂಜೆಯ ವಸ್ತುಗಳು. ಅನಂತರ ಅವು ಎಲ್ಲ ಜಾತಿಯ ಮಕ್ಕಳ ಪಾಠವಾದವು. ಪಾಠವಾದದ್ದರಿಂದ ಅವುಗಳ ಪೂಜ್ಯತೆ ಕುಂದಲಿಲ್ಲ. ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದ ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದರು. ಇಷ್ಟೆಲ್ಲ ಜೀರ್ಣಿಸಿಕೊಂಡ ಕನ್ನಡದ ತರಗತಿಗೆ ದಾವೀದನ ಒಂದು ಕೀರ್ತನೆ ಭಾರವಾದೀತೇ?

ಭಾರವಾಗುವ ಸಂದರ್ಭಗಳೂ ಉಂಟು, ಅವನ್ನು ಮರೆಮಾಚಬಾರದು. ಬಾಬಿಲೋನಿನ ನದಿಗಳ ದಡದಲ್ಲಿ ಸೆರೆಯಾಳುಗಳು ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿ ಅಳುವ ಕೀರ್ತನೆ ಲೋಕದ ಶ್ರೇಷ್ಠ ಶೋಕಗೀತೆಗಳಲ್ಲಿ ಒಂದು. ಅದು ಮುಗಿಯುವುದು ಮಾತ್ರ ಶತ್ರುವಿನ ಹಸುಳೆಗಳ ಮೇಲಿನ ಘೋರವಾದ ಶಾಪದಲ್ಲಿ. ಮೊದಲ ಭಾಗವನ್ನು ಮಾತ್ರ ಓದಿಸಿ ಪುಸ್ತಕ ಮುಚ್ಚುವವನು ಉಪದೇಶಕ. ಕೊನೆಯ ಭಾಗವನ್ನು ಮಾತ್ರ ಎತ್ತಿ ಆಡುವವನು ಜಗಳಗಂಟ. ಎರಡನ್ನೂ ಓದಿ, ದುಃಖ ಹೇಗೆ ದ್ವೇಷವಾಗುತ್ತದೆಂಬುದನ್ನು ತೋರಿಸುವವನೇ ಮೇಷ್ಟರು. ನಮ್ಮ ಶರಣರ ಮಾತಿನಲ್ಲೂ ಅನ್ಯದೈವಗಳ ಮೇಲೆ ಕಟುವಾದ ನುಡಿಗಳಿವೆ. ಅಲ್ಲಿಯೂ ಇದೇ ನಿಯಮ. ಇನ್ನೊಂದು ಸಂಕೋಚವನ್ನೂ ಗೌರವಿಸಬೇಕು. ತನಗೆ ದೇವರ ವಾಕ್ಯವಾದದ್ದನ್ನು ‘ಬರಿಯ ಕವಿತೆ’ ಎಂದು ಓದುವಾಗ ಭಕ್ತನಿಗೆ ನೋವಾಗಬಹುದು. ಅವನ ಮುಂದೆ ಆ ‘ಬರಿಯ’ ಎಂಬ ಮಾತನ್ನು ನಾವು ಬಿಡಬೇಕು. ಕವಿತೆ ಎಂದೂ ಬರಿಯದಲ್ಲ.

ಇದನ್ನೆಲ್ಲ ನನ್ನ ಮಿತ್ರರಿಗೆ ಹೇಳಿದೆ. ಕೈಮುಗಿಸಿ ಹಾಡಿಸಬೇಡಿ, ನಕ್ಕು ಓದಬೇಡಿ, ಒಂಟಿಯಾಗಿ ಓದಿಸಬೇಡಿ, ಮಕ್ಕಳಿಗೆ ಗೊತ್ತಿರುವುದರ ಪಕ್ಕದಲ್ಲಿಡಿ ಎಂದೆ. ಅವರು ಕೊನೆಗೆ ಆರಿಸಿಕೊಂಡದ್ದು ಯೋಬನ ಕಥೆಯನ್ನು. ಪಕ್ಕಕ್ಕೆ ಇಟ್ಟುಕೊಂಡದ್ದು ರಾಘವಾಂಕನ ಹರಿಶ್ಚಂದ್ರನನ್ನು. ಹರಿಶ್ಚಂದ್ರನ ಕಷ್ಟ ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ಪಂಥದಿಂದ ಶುರುವಾಗುತ್ತದೆ. ಯೋಬನ ಕಷ್ಟವೂ ದೇವಸಭೆಯಲ್ಲಿ ಸೈತಾನನು ಒಡ್ಡಿದ ಪಂಥದಿಂದಲೇ. ಇಬ್ಬರಿಗೂ ತಮ್ಮ ಮೇಲೆ ಪಂಥ ನಡೆದಿರುವುದು ಗೊತ್ತಿಲ್ಲ.

ಮುಖ್ಯೋಪಾಧ್ಯಾಯರು ಒಂದು ಪಿರಿಯಡ್ಡಿಗೆ ಒಪ್ಪಿ, ತಾವೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರಂತೆ. ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ಒಬ್ಬ ಮುಸಲ್ಮಾನ ಹುಡುಗ ಎದ್ದು, “ಸಾರ್, ಇವರು ನಮ್ಮ ಅಯ್ಯೂಬ್ ಪೈಗಂಬರರು. ನಮ್ಮ ಅಜ್ಜಿ ಇವರ ಸಬರಿನ ಕಥೆ ಹೇಳ್ತಾರೆ” ಎಂದನಂತೆ. ಶಿರಾಳಕೊಪ್ಪದಂಥ ಊರಿನಲ್ಲಿ ಈ ಮಾತು ಬಂದೇ ಬರಬೇಕು. ಯೋಬನೇ ಅಯ್ಯೂಬ್, ದಾವೀದನೇ ದಾವೂದ್, ಅವನ ಕೀರ್ತನೆಗಳೇ ಜಬೂರ್. ಊರಿನಲ್ಲಿ ಕ್ರೈಸ್ತರು ಎಷ್ಟು ಮನೆಯಿದ್ದಾರೆ, ಅವರ ಕಾವ್ಯ ಯಾರಿಗೆ ಬೇಕು ಎಂದು ಲೆಕ್ಕ ಹಾಕುತ್ತಿದ್ದವರಿಗೆ ಆ ಹುಡುಗ ಬೇರೊಂದು ಲೆಕ್ಕವನ್ನು ತೋರಿಸಿಕೊಟ್ಟ.

ಕಥೆ ಮುಗಿಯಿತು. ಹರಿಶ್ಚಂದ್ರನಿಗೆ ರಾಜ್ಯ ಮರಳಿತು. ಯೋಬನಿಗೂ ಐಶ್ವರ್ಯ ಮರಳಿತು, ಸತ್ತ ಹತ್ತು ಮಕ್ಕಳ ಬದಲಿಗೆ ಮತ್ತೆ ಹತ್ತು ಮಕ್ಕಳು ಹುಟ್ಟಿದರು. ಆಗ ಒಬ್ಬಳು ಹುಡುಗಿ ಎದ್ದು ನಿಂತಳು. “ಲೋಹಿತಾಶ್ವ ಎದ್ದು ಬಂದ ಸಾರ್. ಯೋಬನ ಮೊದಲಿನ ಮಕ್ಕಳು ಏಳಲಿಲ್ಲವಲ್ಲ. ಅವರ ಲೆಕ್ಕ ಏನಾಯಿತು?”

ಮೇಷ್ಟರ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಮುಂದೆ ಲೋಕದ ದೊಡ್ಡ ವ್ಯಾಖ್ಯಾನಕಾರರೂ ತಡವರಿಸಿದ್ದಾರೆ. ಗಂಟೆ ಹೊಡೆಯಿತು, ಮಕ್ಕಳು ಆಟಕ್ಕೆ ಓಡಿದರು. ಮುಖ್ಯೋಪಾಧ್ಯಾಯರು ಮಾತ್ರ ಬೆಂಚಿನಿಂದ ಏಳದೆ, “ಆ ಪುಸ್ತಕವನ್ನು ಒಂದು ವಾರ ನನಗೆ ಕೊಟ್ಟಿರಿ” ಎಂದರಂತೆ.

ಕೋಡಿಯ ಮಠವನ್ನು ಬಣ್ಣಿಸುತ್ತ ಬಳ್ಳಿಗಾವಿಯ ಶಾಸನ ಇನ್ನೂ ಒಂದು ಮಾತನ್ನು ಹೇಳುತ್ತದೆ. ಅದು ಸಕಲ ಜೀವಿಗಳಿಗೂ ಅಭಯವನ್ನು ಕೊಡುವ ಸ್ಥಾನವಾಗಿತ್ತಂತೆ. ಆ ಹುಡುಗಿ ಎದ್ದು ನಿಂತು ಕೇಳಿದಳೆಂಬುದನ್ನು ನೆನೆದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ನಮ್ಮ ಸರಕಾರಿ ಶಾಲೆಗಳಿಗೆ ಆ ಹೆಸರು ಸಲ್ಲುವಂತಾದರೆ, ಅಲ್ಲಿ ಯಾವ ಕವಿಯನ್ನು ಓದಿಸಬೇಕೆಂಬ ಪ್ರಶ್ನೆ ಅಷ್ಟೇನೂ ಕಷ್ಟದ್ದಾಗಲಾರದು.